ಮೋದಿ ಡಾಕ್ಟರ ಹಾಗೆ ಈಗಲೂ ಕ್ಯಾಂಪ್ ಮಾಡಬಹುದೇ?

ಪ್ರಶ್ನೆ: ಸರ್, ನಾನು ನೇತ್ರಶಾಸ್ತ್ರದಲ್ಲಿ ಎಂ.ಎಸ್. ಕೊನೆಯ ವರ್ಷದಲ್ಲಿದ್ದೇನೆ. ಊರು ಗದಗ ಜಿಲ್ಲೆಯಲ್ಲಿ. ನಮ್ಮ ಅಜ್ಜಿಯ ಒಂದು ಕಣ್ಣಿಗೆ ಡಾ. ಎಂ.ಸಿ. ಮೋದಿಯವರು ಕ್ಯಾಂಪಿನಲ್ಲಿ ಆಪರೇಷನ್ ಮಾಡಿದ್ದರಂತೆ, ಒಂದು ಪೈಸೆ ತೆಗೆದುಕೊಳ್ಳದೆ. ದಾರ ಕಟ್ಟಿಕೊಂಡ ದಪ್ಪ ಗಾಜಿನ ಕನ್ನಡಕದಲ್ಲಿ ಆಕೆಯ ಕಣ್ಣು ಎಷ್ಟು ದೊಡ್ಡದಾಗಿ ಕಾಣುತ್ತಿತ್ತೆಂದು ನನಗೆ ಈಗಲೂ ನೆನಪಿದೆ. ನಾನು ಈ ವಿಷಯ ಆರಿಸಿಕೊಂಡದ್ದೇ ಅದರಿಂದ. ಬಡವರಿಗೆ ಉಚಿತವಾಗಿ ಆಪರೇಷನ್ ಮಾಡಬೇಕೆಂಬ ಆಸೆಯಿದೆ. ಆದರೆ ನಮ್ಮ ಮೇಷ್ಟರು, ಕ್ಯಾಂಪ್ ಆಪರೇಷನ್ ಎಲ್ಲ ಹಳೇ ಕಾಲದ್ದು, ಅಪಾಯ, ಆ ಹುಚ್ಚು ಬಿಡು ಅನ್ನುತ್ತಾರೆ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಿಂದ ಕೆಲಸಕ್ಕೆ ಕರೆ ಬಂದಿದೆ. ಮನೆಯ ಮೇಲೆ ಓದಿನ ಸಾಲವಿದೆ. ನನ್ನ ಆಸೆ ಬರೀ ಭಾವುಕತೆಯೇ? ಮೋದಿಯವರ ಹಾಗೆ ಈಗಲೂ ಕೆಲಸ ಮಾಡಲು ಸಾಧ್ಯವೇ?

ಉತ್ತರ: ನಿಮ್ಮ ಅಜ್ಜಿಯ ಕನ್ನಡಕದಿಂದಲೇ ಶುರು ಮಾಡುತ್ತೇನೆ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ದಾರದಲ್ಲೇ ಇದೆ.

ಆ ಕಾಲದ ಕ್ಯಾಂಪುಗಳಲ್ಲಿ ಪೊರೆಗಟ್ಟಿದ ಮಸೂರವನ್ನು ಅದರ ಚೀಲದ ಸಮೇತ ಇಡಿಯಾಗಿ ಎತ್ತಿ ತೆಗೆಯುತ್ತಿದ್ದರು. ಇಂಟ್ರಾಕ್ಯಾಪ್ಸುಲರ್ ಅಂತ ನೀವು ಪುಸ್ತಕದಲ್ಲಿ ಓದಿದ್ದೀರಿ, ಕಣ್ಣಾರೆ ನೋಡಿರಲಿಕ್ಕಿಲ್ಲ. ಅದಕ್ಕೆ ಮೈಕ್ರೋಸ್ಕೋಪ್ ಬೇಕಿರಲಿಲ್ಲ. ಹಣೆಗೆ ಕಟ್ಟಿಕೊಂಡ ಒಂದು ಲೂಪ್ ಅಂದರೆ ಭೂತಗನ್ನಡಿ, ಒಳ್ಳೆಯ ಬೆಳಕು, ಕುದಿಸಿಟ್ಟ ಐದಾರು ಉಪಕರಣ, ನಡುಗದ ಕೈ ಇದ್ದರೆ ಸಾಕು. ಪಳಗಿದ ಕೈಗೆ ಅದು ನಿಮಿಷಗಳ ಕೆಲಸ. ಆದರೆ ತೆಗೆದ ಮಸೂರದ ಜಾಗದಲ್ಲಿ ಏನನ್ನೂ ಇಡುತ್ತಿರಲಿಲ್ಲ. ಅದಕ್ಕೇ ಸುಮಾರು ಪ್ಲಸ್ ಹತ್ತರ ಗಾಜು. ಅದನ್ನು ಹಾಕಿಕೊಂಡವರಿಗೆ ಎಲ್ಲವೂ ಕಾಲುಭಾಗ ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತದೆ. ಹೊಸ್ತಿಲು ದಾಟುವಾಗ ಕಾಲು ಎಲ್ಲಿಡಬೇಕೋ ತಿಳಿಯುವುದಿಲ್ಲ. ಪಕ್ಕದಿಂದ ಬರುವ ಎತ್ತು, ಸೈಕಲ್ಲು ಇದ್ದಕ್ಕಿದ್ದಂತೆ ಎದುರಿಗೆ ಪ್ರತ್ಯಕ್ಷವಾಗುತ್ತವೆ. ಇನ್ನೊಂದು ಕಣ್ಣು ಸ್ವಲ್ಪ ಕಾಣುತ್ತಿದ್ದರೆ ಎರಡೂ ಚಿತ್ರ ಒಂದಕ್ಕೊಂದು ಹೊಂದುವುದೇ ಇಲ್ಲ.

ಮತ್ತೆ ಆ ಕನ್ನಡಕ ಬಿದ್ದು ಒಡೆದರೆ? ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಂಬತ್ತರ ದಶಕದ ಕೊನೆಗೆ, ಕ್ಯಾಂಪ್ ಮಾಡಿದ್ದ ಒಂದು ಊರಿಗೆ ಬೇರೆ ಕೆಲಸದ ಮೇಲೆ ಹೋಗಿದ್ದೆ. ಗುಡಿಯ ಕಟ್ಟೆಯ ಮೇಲೆ ಒಬ್ಬ ಅಜ್ಜ ಕೋಲು ಹಿಡಿದು ಕೂತಿದ್ದ. ಕಣ್ಣೊಳಗೆ ಟಾರ್ಚು ಬಿಟ್ಟು ನೋಡಿದೆ. ಆಪರೇಷನ್ ನಾನೇ ಮಾಡಿದ್ದು, ಒಂದಿಷ್ಟೂ ತಪ್ಪಿರಲಿಲ್ಲ, ಕನ್ನಡಿಯಂಥ ಕಣ್ಣು. ಎಂಟು ತಿಂಗಳ ಹಿಂದೆ ಮೊಮ್ಮಗ ಆಟ ಆಡುತ್ತ ಕನ್ನಡಕ ತುಳಿದಿದ್ದನಂತೆ. ಅಷ್ಟು ದಿನದಿಂದ ಅಜ್ಜ ಮತ್ತೆ ಕುರುಡ. ನಮ್ಮ ರಿಜಿಸ್ಟರಿನಲ್ಲಿ ಮಾತ್ರ ಆತ "ಯಶಸ್ವಿ". ನಿಮ್ಮ ಅಜ್ಜಿ ಕನ್ನಡಕಕ್ಕೆ ದಾರ ಕಟ್ಟಿಕೊಂಡದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಆಕೆಗೆ ದೃಷ್ಟಿ ಇದ್ದದ್ದು ಆ ಗಾಜಿನಲ್ಲಿ.

ಇಷ್ಟು ಹೇಳಿದ್ದು ಮೋದಿಯವರನ್ನು ಕಡಿಮೆ ಮಾಡಲಿಕ್ಕಲ್ಲ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಮುರಿಗೆಪ್ಪ ಚನ್ನವೀರಪ್ಪ ಮೋದಿ 1943ರಿಂದ ಊರೂರು ತಿರುಗಲು ಶುರು ಮಾಡಿದವರು. ಒಂದೇ ದಿನ 833 ಪೊರೆ ಆಪರೇಷನ್, 1993ರ ಫೆಬ್ರವರಿಯ ಹೊತ್ತಿಗೆ 46,120 ಹಳ್ಳಿಗಳ ಭೇಟಿ, ಒಟ್ಟು 6,10,564 ಆಪರೇಷನ್ ಎಂದು ಗಿನ್ನೆಸ್ ಪುಸ್ತಕ ದಾಖಲಿಸಿತು. 833 ಅಂದರೆ ಲೆಕ್ಕ ಹಾಕಿ ನೋಡಿ. ಇಪ್ಪತ್ತನಾಲ್ಕು ಗಂಟೆ ರೆಪ್ಪೆ ಮುಚ್ಚದೆ ಮಾಡಿದರೂ ಒಂದೊಂದು ಕಣ್ಣಿಗೆ ಎರಡು ನಿಮಿಷ ಸಿಗುವುದಿಲ್ಲ. ನಾನು ಮೆಡಿಕಲ್ ಓದುತ್ತಿದ್ದಾಗ ಅಂಥ ಒಂದು ಸಾಮೂಹಿಕ ಕ್ಯಾಂಪ್ ನೋಡಿದ್ದೇನೆ. ಶಾಲೆಯ ಕೋಣೆಗೆ ಸುಣ್ಣ ಬಳಿದು, ಬೆಂಚುಗಳನ್ನು ಜೋಡಿಸಿ ಸಾಲಾಗಿ ಮಲಗಿಸಿದ್ದರು. ಮುಂದೆ ಹೋಗುವ ತಂಡ ರೆಪ್ಪೆ ಒರೆಸಿ ಇಂಜೆಕ್ಷನ್ ಕೊಡುತ್ತಿತ್ತು, ಸರ್ಜನ್ ಮೇಜಿನಿಂದ ಮೇಜಿಗೆ ಸರಿಯುತ್ತಿದ್ದರು, ಹಿಂದಿನ ತಂಡ ಪಟ್ಟಿ ಕಟ್ಟುತ್ತಿತ್ತು. ಊರ ಅಂಗಡಿಕಾರರು ಅಕ್ಕಿಬೇಳೆ ಕೊಟ್ಟಿದ್ದರು, ಮಠದಿಂದ ಚಾಪೆ ಬಂದಿತ್ತು, ಹುಗ್ಗಿಯ ಕೊಪ್ಪರಿಗೆ ಒಲೆಯ ಮೇಲೆ ಇತ್ತು. ಜಾತ್ರೆಯೇ.

ಆಗ ಅದೇ ಸರಿ ಇತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಣ್ಣಿನ ಸರ್ಜನ್ ಅನ್ನುವವರು ಬೆರಳೆಣಿಕೆ, ಇದ್ದವರೂ ದೊಡ್ಡ ಊರುಗಳಲ್ಲಿ. ದೇಶಕ್ಕೆ ಒಂದು ಅಂಧತ್ವ ನಿಯಂತ್ರಣ ಕಾರ್ಯಕ್ರಮ ಅಂತ ಬಂದದ್ದೇ 1976ರಲ್ಲಿ. ಆಸ್ಪತ್ರೆಗೆ ಬರಲಾಗದ ಕುರುಡರ ಹತ್ತಿರ ಸರ್ಜನ್ನೇ ಹೋಗಬೇಕಿತ್ತು, ಬೇರೆ ದಾರಿಯೇ ಇರಲಿಲ್ಲ. ದಪ್ಪ ಕನ್ನಡಕದ ದೃಷ್ಟಿಯಾದರೂ ಕತ್ತಲೆಗಿಂತ ಎಷ್ಟೋ ಮೇಲು.

ಹಾಗಾದರೆ ಏನು ಬದಲಾಯಿತು? ಮಸೂರ ಕಣ್ಣೊಳಗೆ ಹೋಯಿತು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಕೃತಕ ಮಸೂರ ಕೂರಿಸಿದ್ದು 1949ರಲ್ಲಿ. ಯುದ್ಧವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಲ್ಲಿ ಹೊಕ್ಕರೂ ಕಣ್ಣು ಅದನ್ನು ತಾಳಿಕೊಳ್ಳುವುದನ್ನು ಆತ ಗಮನಿಸಿದ್ದರು. ನಮ್ಮ ಹಳ್ಳಿಯವರಿಗೆ ಅದು ಮುಟ್ಟಲು ನಲವತ್ತು ವರ್ಷದ ಮೇಲೆ ಹಿಡಿಯಿತು. ಮಸೂರ ಕೂರಿಸಬೇಕೆಂದರೆ ಅದರ ಚೀಲವನ್ನು ಉಳಿಸಿಕೊಳ್ಳಬೇಕು, ಅದಕ್ಕೆ ಮೈಕ್ರೋಸ್ಕೋಪ್ ಬೇಕು. ಪ್ರತಿ ಕಣ್ಣಿನ ಉದ್ದ ಅಳೆದು ನಂಬರ್ ಲೆಕ್ಕ ಹಾಕಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಹೊರಗಿನ ವಸ್ತುವೊಂದನ್ನು ಕಣ್ಣೊಳಗೆ ಶಾಶ್ವತವಾಗಿ ಬಿಟ್ಟು ಬರುವುದರಿಂದ ಆಪರೇಷನ್ ಥಿಯೇಟರ್ ಥಿಯೇಟರೇ ಆಗಿರಬೇಕು. ಸುಣ್ಣ ಬಳಿದ ಶಾಲೆಯ ಕೋಣೆಯಲ್ಲಿ ಅದು ನಡೆಯುವ ಮಾತಲ್ಲ. ಆದ್ದರಿಂದ ಈಗ ಹಳ್ಳಿಯಲ್ಲಿ ತಪಾಸಣೆ ಮಾತ್ರ, ಆಪರೇಷನ್ ಏನಿದ್ದರೂ ಆಸ್ಪತ್ರೆಯಲ್ಲಿ. ಈ ಮಟ್ಟಿಗೆ ನಿಮ್ಮ ಮೇಷ್ಟರ ಮಾತು ಸರಿ, ಅವರ ಮೇಲೆ ಬೇಸರ ಬೇಡ.

ಸಂಖ್ಯೆಯ ಹುಚ್ಚು ಏನು ಮಾಡುತ್ತದೆ ಅನ್ನುವುದಕ್ಕೆ ಕಣ್ಣಿನ ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್ಪುರದ ಹತ್ತಿರ, ಬಳಕೆಯಲ್ಲಿಲ್ಲದ ಆಸ್ಪತ್ರೆ ಕಟ್ಟಡವೊಂದರಲ್ಲಿ, ಒಬ್ಬ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಣ್ಣುಮಕ್ಕಳಿಗೆ ಸಂತಾನಹರಣ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಎಲ್ಲರೂ ಬಡವರು. 2016ರಲ್ಲಿ ಸುಪ್ರೀಂ ಕೋರ್ಟ್ ಅಂಥ ಸಂತಾನಹರಣ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು ಆದೇಶಿಸಿತು. ಅದೇ ಸರ್ಜನ್‌ಗೆ ಹಿಂದೆ ದಾಖಲೆ ಸಂಖ್ಯೆಯ ಆಪರೇಷನ್ನಿಗಾಗಿ ಸನ್ಮಾನವೂ ಆಗಿತ್ತು. ಹಾರ ತುರಾಯಿ ಹಾಕುವವರು ಯಾರೂ ಆಪರೇಷನ್ ಆದವರ ಮನೆಗೆ ಹೋಗಿ ವಿಚಾರಿಸುವುದಿಲ್ಲ, ಇದನ್ನು ನೆನಪಿಡಿ.

ಹಾಗಂತ ಬೇಗ ಮಾಡುವುದೇ ತಪ್ಪೇ? ಅಲ್ಲ. ಇಲ್ಲಿ ಮದುರೈಗೆ ಬರೋಣ.

ಗೋವಿಂದಪ್ಪ ವೆಂಕಟಸ್ವಾಮಿ ಹೆರಿಗೆ ಡಾಕ್ಟರಾಗಬೇಕೆಂದಿದ್ದವರು. ಸೈನ್ಯದಲ್ಲಿದ್ದು ಬಂದ ಮೇಲೆ ಸಂಧಿವಾತ ಹಿಡಿದು ಹಾಸಿಗೆ ಸೇರಿದರು, ಬೆರಳುಗಳು ಸೊಟ್ಟಗಾದವು, ಆ ಆಸೆ ಅಲ್ಲಿಗೇ ನಿಂತಿತು. ಆ ಬೆರಳುಗಳಿಗೆ ಹೊಂದುವಂತೆ ಉಪಕರಣ ಮಾಡಿಸಿಕೊಂಡು ಕಣ್ಣಿನ ಆಪರೇಷನ್ ಕಲಿತರು, ಜೀವಮಾನದಲ್ಲಿ ಲಕ್ಷಕ್ಕೂ ಮೇಲೆ ಮಾಡಿದರು. 1976ರಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ, 58ನೇ ವಯಸ್ಸಿನಲ್ಲಿ, ತಮ್ಮ ಮತ್ತು ಒಡಹುಟ್ಟಿದವರ ಹಣ ಸೇರಿಸಿ 11 ಹಾಸಿಗೆಯ ಅರವಿಂದ್ ಕಣ್ಣಿನ ಆಸ್ಪತ್ರೆ ತೆರೆದರು. ಅಮೆರಿಕದ ಬರ್ಗರ್ ಅಂಗಡಿಗಳ ಶಿಸ್ತು ನೋಡಿ ಕಲಿತರು ಅಂತ ಎಲ್ಲರೂ ಬರೆಯುತ್ತಾರೆ. ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಆ ಹೋಲಿಕೆ ಅಷ್ಟು ರುಚಿಸುವುದಿಲ್ಲ. ಬಡವರ ಆಪರೇಷನ್ನಿನಲ್ಲಿ ಹಣ ಎಲ್ಲಿ ಸೋರುತ್ತದೆ ಅಂತ ಕೂತು ಲೆಕ್ಕ ಹಾಕಿದರಲ್ಲ, ನನಗೆ ಅದು ದೊಡ್ಡದು.

ಸೋರುವುದು ಎಲ್ಲಿ? ಮೊದಲನೆಯದು ಸರ್ಜನ್ನಿನ ಸಮಯ. ಒಬ್ಬ ಸರ್ಜನ್ನಿಗೆ ಎರಡು ಮೇಜು, ನಡುವೆ ತಿರುಗುವ ಮೈಕ್ರೋಸ್ಕೋಪ್. ಒಂದು ಕಣ್ಣು ಮುಗಿಯುವ ಹೊತ್ತಿಗೆ ಪಕ್ಕದ್ದು ತಯಾರು. ಅಳತೆ, ಹನಿ ಹಾಕುವುದು, ತಿಳಿಹೇಳುವುದು, ಪಟ್ಟಿ ಬಿಚ್ಚುವುದು ಎಲ್ಲಕ್ಕೂ ಹಳ್ಳಿಯ ಹುಡುಗಿಯರನ್ನು ತಂದು ತರಬೇತಿ ಕೊಟ್ಟರು. ಮೋದಿಯವರ ಸಾಲುಮೇಜಿನ ಉಪಾಯವೇ ಇದು, ಆದರೆ ನಾಲ್ಕು ಗೋಡೆಯ ಥಿಯೇಟರಿನೊಳಗೆ, ಪ್ರತಿ ಕೈಗೂ ಒಂದೇ ಕೆಲಸ ಕೊಟ್ಟು, ಪ್ರತಿ ತೊಡಕನ್ನೂ ಬರೆದಿಟ್ಟು. ಹಣ ಕೊಡಬಲ್ಲವರಿಂದ ತೆಗೆದುಕೊಂಡದ್ದು ಕೊಡಲಾರದವರ ಖರ್ಚಿಗೆ ಹೋಗುವಂತೆ ಹೊಂದಿಸಿದರು. ಕೋಣೆ, ಹಾಸಿಗೆ ಬೇರೆಬೇರೆ ಇರಬಹುದು, ಸರ್ಜನ್ನು ಅವರೇ.

ಎರಡನೆಯದು ಮಸೂರದ ಬೆಲೆ. ಆಮದು ಮಸೂರಕ್ಕೆ ನೂರು ಡಾಲರಿನ ಮೇಲೆ ಬೀಳುತ್ತಿತ್ತು. ನಾವು ಆಗ ಏನು ಮಾಡುತ್ತಿದ್ದೆವು ಗೊತ್ತೇ? ಹಣವಿದ್ದವರಿಗೆ ಮಸೂರ, ಇಲ್ಲದವರಿಗೆ ದಪ್ಪ ಕನ್ನಡಕ. ಒಂದೇ ಥಿಯೇಟರ್, ಒಂದೇ ಬೆಳಗ್ಗೆ, ಎರಡು ದರ್ಜೆಯ ಕಣ್ಣು. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ. 1992ರಲ್ಲಿ ಮದುರೈನಲ್ಲೇ ಅರವಿಂದ್‌ನವರ ಮಸೂರದ ಕಾರ್ಖಾನೆ ಅರೋಲ್ಯಾಬ್ ಶುರುವಾಗಿ ಮಸೂರವನ್ನು ಹತ್ತು ಡಾಲರಿನ ಆಸುಪಾಸಿಗೆ, ಆಮೇಲೆ ಇನ್ನೂ ಕೆಳಕ್ಕೆ ತಂದಿತು. ದಾರ ಕಟ್ಟಿದ ಕನ್ನಡಕಗಳು ನಮ್ಮ ಹಳ್ಳಿಗಳಿಂದ ಮಾಯವಾದದ್ದರಲ್ಲಿ ಆ ಕಾರ್ಖಾನೆಯ ಪಾಲು ದೊಡ್ಡದು. ಯಾವ ಸರ್ಜನ್ನಿನ ಕೈಚಳಕದಿಂದಲೂ ಆಗದ ಕೆಲಸ ಅದು.

ಇನ್ನೊಂದು ಚಿಕ್ಕ ಸಂಗತಿ. ಆಪರೇಷನ್ ಮುಗಿಯುವಾಗ ಕಣ್ಣೊಳಗೆ ಸೋಂಕು ತಡೆಯುವ ಮಾಕ್ಸಿಫ್ಲಾಕ್ಸಸಿನ್ ಔಷಧಿ ಒಂದು ಹನಿ ಬಿಡುವ ರೂಢಿಯನ್ನು ಅರವಿಂದ್‌ನವರು ಶುರು ಮಾಡಿ, 6 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳ ಲೆಕ್ಕವನ್ನು 2017ರಲ್ಲಿ ಪ್ರಕಟಿಸಿದರು. ಕಣ್ಣೊಳಗಿನ ಸೋಂಕು ಶೇ. 0.07ರಿಂದ 0.02ಕ್ಕೆ ಇಳಿದಿತ್ತು. ಔಷಧಿ ಅಗ್ಗದ್ದು. ಬಡವರಿಗೆ ಮಾಡುವ ಸೇವೆಯ ಬಗ್ಗೆ ಭಾಷಣ ಮಾಡುವವರು ಇಂಥ ಕೋಷ್ಟಕಗಳನ್ನು ಓದುವುದಿಲ್ಲ. ನೀವು ಓದಿ.

ನಿಮ್ಮ ಕೈಗೆ ಸಂಬಂಧಿಸಿದ ಮಾತೂ ಒಂದಿದೆ. ದೊಡ್ಡ ಆಸ್ಪತ್ರೆಗೆ ಹೋದರೆ ಫೇಕೋ, ಅಂದರೆ ಮೆಷಿನ್ನಿನಿಂದ ಪೊರೆ ಪುಡಿ ಮಾಡಿ ತೆಗೆಯುವುದನ್ನು, ಚೆನ್ನಾಗಿ ಕಲಿಯುತ್ತೀರಿ, ಕಲಿಯಲೇಬೇಕು. ಆದರೆ ನಮ್ಮ ಕಡೆಯ ಕಣ್ಣುಗಳು ತಡವಾಗಿ ಬರುತ್ತವೆ. ಬಿಳಿಯಾಗಿ, ಕಂದಾಗಿ, ಕಲ್ಲಿನಂತೆ ಗಟ್ಟಿಯಾಗಿ. ಅವಕ್ಕೆ ಹೊಲಿಗೆಯಿಲ್ಲದ ಸಣ್ಣ ಗಾಯದ ಆಪರೇಷನ್, ನೀವು ಎಸ್‌ಐಸಿಎಸ್ ಅನ್ನುತ್ತೀರಲ್ಲ, ಅದು ಕೈಗೆ ಕೂತಿರಬೇಕು. ನೇಪಾಳದ ಸಂದುಕ್ ರೂಯಿತ್ ಅವರ ತಂಡ ಎರಡನ್ನೂ ಎದುರುಬದುರು ಇಟ್ಟು ನೋಡಿ 2007ರಲ್ಲಿ ಪ್ರಕಟಿಸಿತು. ಫಲಿತಾಂಶದಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ, ಸಮಯವೂ ಖರ್ಚೂ ಎಸ್‌ಐಸಿಎಸ್‌ಗೆ ಕಡಿಮೆ. ಮೆಷಿನ್ ಕೆಟ್ಟರೆ, ಕರೆಂಟು ಹೋದರೆ ಅರ್ಧಕ್ಕೆ ನಿಲ್ಲುವುದಿಲ್ಲ. ಇದು ಬಡವರ ಆಪರೇಷನ್ನು, ಎರಡನೇ ದರ್ಜೆಯದು ಅಂತ ಹುಡುಗರು ಮೂಗು ಮುರಿಯುವುದನ್ನು ಕೇಳಿದ್ದೇನೆ. ನನ್ನ ಕಣ್ಣಿನ ಪೊರೆಯನ್ನು ನಾನು ಅದರಲ್ಲೇ ತೆಗೆಸಿಕೊಂಡೆ.

ಈಗ ಉಚಿತ ಅನ್ನುವ ಪದಕ್ಕೆ ಬರುತ್ತೇನೆ. ನೀವು ಅದನ್ನು ಪತ್ರದಲ್ಲಿ ಬಹಳ ಪ್ರೀತಿಯಿಂದ ಬರೆದಿದ್ದೀರಿ. ಫೀಸು ಬಿಟ್ಟುಬಿಟ್ಟರೆ ಬಡವರು ಬರುತ್ತಾರೆ ಅಂತ ನಾನೂ ನಂಬಿದ್ದೆ. ತಮಿಳುನಾಡಿನ ಹಳ್ಳಿಗಳಲ್ಲಿ ತೊಂಬತ್ತರ ದಶಕದಲ್ಲಿ ಮಾಡಿದ ಒಂದು ಅಧ್ಯಯನದಲ್ಲಿ, ಕಣ್ಣಿನ ತೊಂದರೆ ಇದ್ದವರ ಪೈಕಿ ಕ್ಯಾಂಪಿಗೆ ಬಂದವರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ಕ್ಯಾಂಪು ಅವರ ಊರ ಹತ್ತಿರವೇ, ದುಡ್ಡೂ ಕೇಳುತ್ತಿರಲಿಲ್ಲ. ಕಾರಣ ನಿಮ್ಮ ಊರಲ್ಲೇ ಸಿಗುತ್ತದೆ. ಕೈ ಹಿಡಿದು ಕರೆತರುವ ಮಗನಿಗೆ ಎರಡು ದಿನದ ಕೂಲಿ ಹೋಗುತ್ತದೆ. ಸುಗ್ಗಿ ಮುಗೀಲಿ ಅನ್ನುತ್ತಾರೆ, ಸುಗ್ಗಿಯಾದ ಮೇಲೆ ಮದುವೆ. ಪೊರೆ ಬಲಿಯಲಿ ಅಂತ ಯಾರೋ ಹಿಂದಿನ ಕಾಲದ ಮಾತು ಹೇಳಿರುತ್ತಾರೆ. ಅಜ್ಜಂದಿರನ್ನು ಹೇಗೋ ಕರೆತರುತ್ತಾರೆ, ಅಜ್ಜಿಯರು ಮನೆಯಲ್ಲೇ ಉಳಿಯುತ್ತಾರೆ. "ಇನ್ನ ಎಷ್ಟ ದಿನಾ ಇರತೀನಿ ನಾ, ನನಗ್ಯಾಕ ಬೇಕು" ಅನ್ನುವುದು ಆಕೆಯೇ, ಆದರೆ ಆ ಮಾತನ್ನು ಮನೆಯವರು ಎಷ್ಟು ಬೇಗ ಒಪ್ಪಿಕೊಳ್ಳುತ್ತಾರೆ ನೋಡಿ! ದೇಶದಲ್ಲಿ 2015ರಿಂದ 2019ರವರೆಗೆ ನಡೆದ ಸಮೀಕ್ಷೆಯಲ್ಲೂ ಐವತ್ತು ದಾಟಿದವರ ಕುರುಡಿಗೆ ಮೂರರಲ್ಲಿ ಎರಡು ಪಾಲು ಪೊರೆಯೇ ಕಾರಣವೆಂದು ಬಂತು. ಇಪ್ಪತ್ತು ನಿಮಿಷದೊಳಗೆ ಸರಿಹೋಗುವ ಕುರುಡು ಇದು. ಸರ್ಜನ್ನಿನ ಕೊರತೆ ಮಾತ್ರ ಆಗಿದ್ದರೆ ಇಷ್ಟು ಹೊತ್ತಿಗೆ ಮುಗಿಯಬೇಕಿತ್ತು.

ನಮ್ಮ ಪುಟ್ಟ ಟ್ರಸ್ಟ್ ಆಸ್ಪತ್ರೆಯಲ್ಲಿ ನಾವು ಕಲಿತದ್ದಿಷ್ಟು: ಒಂದೇ ಓಣಿಯ ನಾಲ್ವರನ್ನು ಒಟ್ಟಿಗೆ ಕರೆತಂದರೆ ಹೆದರಿಕೆ ಅರ್ಧವಾಗುತ್ತದೆ, ಜೊತೆಗೆ ಒಬ್ಬರು ಬಂದರೆ ಸಾಕಾಗುತ್ತದೆ. ವ್ಯಾನು ಮನೆ ಬಾಗಿಲಿಗೆ ಹೋಗಬೇಕು, ಬಸ್‌ಸ್ಟ್ಯಾಂಡಿಗಲ್ಲ. ಈಗಾಗಲೇ ಆಪರೇಷನ್ ಆದ ಅಜ್ಜಿಯೊಬ್ಬಳು "ನನಗ ಕಣ್ಣ ಕಾಣಾಕತ್ತಾವು, ನೀನೂ ಹೋಗ" ಅಂದರೆ ನಮ್ಮ ನೂರು ಕರಪತ್ರಕ್ಕಿಂತ ಹೆಚ್ಚು.

ಇನ್ನು ನನ್ನದೇ ಒಂದು ಕಥೆ. ಇದನ್ನು ಬರೆಯಲೆಂದೇ ನಿಮ್ಮ ಪತ್ರವನ್ನು ಆರಿಸಿಕೊಂಡೆ.

ಕೆಲಸಕ್ಕೆ ಸೇರಿ ಏಳೆಂಟು ವರ್ಷವಾಗಿತ್ತು. ಥಿಯೇಟರಿನ ಹೊರಗೆ ಒಂದು ಕರಿಹಲಗೆ, ಅದರ ಮೇಲೆ ಈ ವರ್ಷದ ಆಪರೇಷನ್ ಸಂಖ್ಯೆ. ದಿನಾ ಸಂಜೆ ನಾನೇ ಸೀಮೆಸುಣ್ಣ ಹಿಡಿದು ತಿದ್ದುತ್ತಿದ್ದೆ. ಊರಲ್ಲಿ ಹೋದರೆ ಜನ ಕಾಲು ಮುಟ್ಟುತ್ತಿದ್ದರು. ಬೇಡ ಅನ್ನುತ್ತಿದ್ದೆ, ಆದರೆ ಒಳಗೊಳಗೆ ಬೇಕಿತ್ತು. ನಮ್ಮಲ್ಲಿ ಒಬ್ಬ ಹಿರಿಯ ನರ್ಸ್ ಇದ್ದರು. ಒಂದು ದಿನ, "ಸರ್, ಆರು ವಾರಕ್ಕೆ ಬರಬೇಕಾದವರು ಬಹಳ ಮಂದಿ ಬರೂದಿಲ್ಲ, ನಾವೇ ಹೋಗಿ ನೋಡೂಣೇನು?" ಅಂದರು. ಚೆನ್ನಾಗಿ ಕಾಣುತ್ತಿರಬೇಕು, ಅದಕ್ಕೇ ಬಂದಿಲ್ಲ ಅಂದೆ ನಾನು. ಆದರೂ ಅವರ ಮಾತಿಗೆ ಒಂದು ಭಾನುವಾರ ಹೊರಟೆವು.

ಒಂದೇ ಹಳ್ಳಿಯ ಹನ್ನೆರಡು ಜನ ಸಿಕ್ಕರು. ಒಂಬತ್ತು ಜನ ಚೆನ್ನಾಗಿದ್ದರು, ಒಬ್ಬಾಕೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಉಳಿದ ಮೂವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಒಬ್ಬರಿಗೆ ಸಾದಾ ಕನ್ನಡಕ ಕೊಟ್ಟರೆ ಸಾಕಿತ್ತು. ಇನ್ನೊಬ್ಬರಿಗೆ ಮಸೂರದ ಹಿಂದಿನ ಚೀಲ ಮಬ್ಬಾಗಿತ್ತು, ಐದು ನಿಮಿಷದ ಲೇಸರ್ ಕೆಲಸ. ಮೂರನೆಯಾಕೆಯ ಕಾರ್ನಿಯಾ, ಕಣ್ಣಿನ ಮುಂದಿನ ಪಾರದರ್ಶಕ ಪದರ, ಬೆಳ್ಳಗೆ ಊದಿಕೊಂಡಿತ್ತು. ಆಪರೇಷನ್ ಟಿಪ್ಪಣಿ ತೆಗೆಸಿ ನೋಡಿದೆ. ಆ ದಿನದ ನಲವತ್ತೊಂದನೆಯ ಕಣ್ಣು. ನಾನು ದಣಿದಿದ್ದೆ, ಅವಸರ ಮಾಡಿದ್ದೆ. ತಪ್ಪು ನನ್ನದೇ.

ಯಾಕವ್ವಾ ಬರಲಿಲ್ಲ ಅಂತ ಕೇಳಿದೆ. "ನೀವು ಪುಕ್ಕಟ ಮಾಡೀರಿ, ಏನಂತ ಕೇಳಬೇಕ್ರಿ? ನನ್ನ ಹಣೇಬರಹ ಸರಿ ಇಲ್ಲ" ಅಂದಳು. ನನಗೆ ಟೀ ಮಾಡಿ ಕೊಟ್ಟಳು.

ನೀವು ಸೇರಲಿರುವ ಬೆಂಗಳೂರಿನ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟವರು ಸ್ವಲ್ಪ ಮಂಜಾದರೂ ಮರುದಿನವೇ ಬಂದು ಮೇಜು ಕುಟ್ಟುತ್ತಾರೆ. ಅವರ ಜಗಳ ಸರ್ಜನ್ನನ್ನು ಎಚ್ಚರವಾಗಿಡುತ್ತದೆ. ಬಡವರು ಜಗಳವಾಡುವುದಿಲ್ಲ. ತನ್ನ ಸೋಲು ಸರ್ಜನ್ನಿಗೆ ತಿಳಿಯುವ ದಾರಿಯೇ ಅಲ್ಲಿ ಮುಚ್ಚಿರುತ್ತದೆ. ಬಡವರ ನಡುವೆ ಕೆಲಸ ಮಾಡುವ ಸರ್ಜನ್ ತನ್ನ ತಪ್ಪುಗಳನ್ನು ತಾನೇ ಮನೆಮನೆಗೆ ಹೋಗಿ ಹುಡುಕಬೇಕು. ಹುಡುಕದವನು ವರ್ಷ ಕಳೆದಂತೆ ಕೆಟ್ಟ ಸರ್ಜನ್ ಆಗುತ್ತಾನೆ, ಜೊತೆಗೆ ದೇವರೂ ಆಗುತ್ತಾನೆ. ನಾನು ಎರಡೂ ಆಗುವ ಹಾದಿಯಲ್ಲಿದ್ದೆ. ಸೋಮವಾರ ಕರಿಹಲಗೆ ಒರೆಸಿ ಬೇರೆ ಲೆಕ್ಕ ಬರೆಯಲು ಶುರು ಮಾಡಿದೆವು: ಆರು ವಾರದ ನಂತರ ಎಷ್ಟು ಜನಕ್ಕೆ 6/18 (ಸಾಧಾರಣ ಕಣ್ಣು 18 ಮೀಟರಿನಿಂದ ಗುರುತಿಸುವುದನ್ನು 6 ಮೀಟರಿನಿಂದ ಗುರುತಿಸುವಷ್ಟು) ಅಥವಾ ಅದಕ್ಕಿಂತ ಚೆನ್ನಾಗಿ ಕಾಣುತ್ತಿದೆ, ಎಷ್ಟು ಜನಕ್ಕೆ 6/60 ಕೂಡ ಇಲ್ಲ. ಮೊದಲನೆಯದು ಶೇ. 80ಕ್ಕೆ ಕಡಿಮೆಯಿಲ್ಲದೆ, ಎರಡನೆಯದು ಶೇ. 5ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು. ಮೊದಲ ವರ್ಷ ನಾವು ಅಲ್ಲಿಗೆ ಮುಟ್ಟಲಿಲ್ಲ. ದಿನದ ಆಪರೇಷನ್ ಸಂಖ್ಯೆಗೆ ಮಿತಿ ಹಾಕಿದ ಮೇಲೆ, ಎಲ್ಲರಿಗೂ ಕನ್ನಡಕದ ನಂಬರ್ ತೆಗೆದು ಕೊಡಲು ಶುರು ಮಾಡಿದ ಮೇಲೆ ಮುಟ್ಟಿದೆವು. ಆ ಮೂರನೆಯಾಕೆಗೆ ಬೇರೊಂದು ಊರಿನಲ್ಲಿ ಕಾರ್ನಿಯಾ ಕಸಿ ಮಾಡಿಸಿದೆವು, ಅಷ್ಟೇನೂ ಚೆನ್ನಾಗಿ ಕೂಡಲಿಲ್ಲ.

ನಿಮ್ಮ ನೌಕರಿ ಮತ್ತು ಸಾಲದ ಬಗ್ಗೆ. ಸಾಲ ಇಟ್ಟುಕೊಂಡು ತ್ಯಾಗಕ್ಕೆ ಇಳಿಯಬೇಡಿ, ಎರಡು ವರ್ಷದಲ್ಲಿ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ರೋಗಿಗಳ ಮೇಲೆ ತೀರಿಸುತ್ತೀರಿ. ಹಾಗೆ ಹಾಳಾದವರನ್ನು ನೋಡಿದ್ದೇನೆ. ನಮ್ಮ ರಾಜ್ಯದ ಗ್ರಾಮೀಣ ಸೇವೆ ನಿಮ್ಮ ಪಾಲಿಗೆ ಬರಬಹುದು. ಅದನ್ನು ದಿನ ತಳ್ಳುವ ವರ್ಷವಾಗಿ ಕಳೆಯದೆ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಮೈಕ್ರೋಸ್ಕೋಪ್ ಯಾಕೆ ಧೂಳು ತಿನ್ನುತ್ತಿದೆ ಅಂತ ನೋಡಿ. ಬಹಳ ಕಡೆ ಕಾರಣ ಒಂದು ಬಲ್ಬು, ಇಲ್ಲವೇ ಒಬ್ಬ ತರಬೇತಾದ ನರ್ಸಿನ ವರ್ಗಾವಣೆ. ಆಮೇಲೆ ಬೆಂಗಳೂರಿನ ಕೆಲಸ ಬೇಕಾದರೆ ಮಾಡಿ, ಸಾಲ ತೀರಿಸಿ, ಮರ್ಯಾದೆಯ ದುಡಿಮೆ ಅದು. ಆದರೆ ಅದಕ್ಕಿಂತ, ದಿನಕ್ಕೆ ನೂರಾರು ಆಪರೇಷನ್ ಆಗುವ ದಾನಧರ್ಮದ ಆಸ್ಪತ್ರೆಯಲ್ಲಿ ಒಂದೆರಡು ವರ್ಷದ ಫೆಲೋಶಿಪ್ ಸಿಕ್ಕರೆ ಬಿಡಬೇಡಿ. ಸಂಬಳ ಕಡಿಮೆ, ಕೈ ಪಳಗುವುದು ಅಲ್ಲಿ. ಒಂಟಿಯಾಗಿ ಊರಲ್ಲಿ ಉಚಿತ ಆಸ್ಪತ್ರೆ ತೆರೆಯುತ್ತೇನೆ ಅನ್ನುವ ಯೋಚನೆ ಇದ್ದರೆ ಸದ್ಯಕ್ಕೆ ಮಡಚಿಡಿ. ಲೆಕ್ಕ ಬರೆಯುವವರು, ನರ್ಸು, ವ್ಯಾನಿನ ಡ್ರೈವರು, ನಿಮ್ಮ ತಪ್ಪನ್ನು ಮುಖಕ್ಕೆ ಹೇಳುವ ಒಬ್ಬರು, ಇಷ್ಟು ಜನ ಸಿಕ್ಕ ಮೇಲೆ ಆ ಮಾತು.

ಆಸೆ ಬರೀ ಭಾವುಕತೆಯೇ ಅಂತ ಕೇಳಿದ್ದೀರಿ. ಪರೀಕ್ಷಿಸಿ ನೋಡಲು ಎಂ.ಎಸ್. ಮುಗಿಯುವವರೆಗೆ ಕಾಯಬೇಕಾಗಿಲ್ಲ. ಎರಡು ತಿಂಗಳ ಹಿಂದೆ ನಿಮ್ಮ ಕೈಯಾರೆ ಆಪರೇಷನ್ ಮಾಡಿದ, ಮತ್ತೆ ತೋರಿಸಲು ಬಾರದ ಹತ್ತು ಜನರ ಹೆಸರನ್ನು ನಿಮ್ಮ ವಿಭಾಗದ ರಿಜಿಸ್ಟರಿನಿಂದ ಬರೆದುಕೊಳ್ಳಿ. ಮೇಷ್ಟರಿಗೆ ಹೇಳಿ ಒಪ್ಪಿಗೆ ಪಡೆಯಿರಿ, ಅವರು ಬೇಡ ಅನ್ನಲಾರರು. ಫೋನ್ ಹಚ್ಚಿ, ಹತ್ತದಿದ್ದರೆ ಬಸ್ ಹತ್ತಿ. ಜೊತೆಗೆ ಒಂದು ಟಾರ್ಚು, ಪಿನ್‌ಹೋಲು (ಸಣ್ಣ ತೂತಿನ ಬಿಲ್ಲೆ), ಮಡಚುವ ಚಾರ್ಟು ಇರಲಿ. ಅಕ್ಷರದ ಚಾರ್ಟು ಬೇಡ, ಕೈಬೆರಳಿನಿಂದ ದಿಕ್ಕು ತೋರಿಸುವಂಥದ್ದು ಒಯ್ಯಿರಿ, ನಮ್ಮ ಅಜ್ಜಿಯರಿಗೆ ಓದು ಬರುವುದಿಲ್ಲ. ಏನು ಕಂಡಿತು ಅಂತ ನನಗೆ ಬರೆಯಿರಿ.